ಅಕ್ಕ ಮಲೇಷಿಯಾದಿಂದ ತಂದ ಹೆಸರು

ಹೆಸರಿನ ಅರ್ಥ ಕೇಳುವವರನ್ನು ನಾನು ನಂಬುವುದಿಲ್ಲ. ಅರ್ಥ ಹೇಳುವವರನ್ನಂತೂ ಮೊದಲೇ ನಂಬುವುದಿಲ್ಲ. ಆ ಧಂದೆಯಲ್ಲಿ ನಾನೇ ಇದ್ದೇನಲ್ಲ!

ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ರಸ್ತೆಯಲ್ಲಿ, ಕಾಡು ಇನ್ನೇನು ಶುರುವಾಗಬೇಕು ಅನ್ನುವಲ್ಲಿ, ಒಂದು ಹೋಮ್‌ಸ್ಟೇ ಇದೆ. ಅಲ್ಲಿ ನಾನು ಗೈಡು. ಬೆಳಿಗ್ಗೆ ಗೆಸ್ಟುಗಳನ್ನು ಎಬ್ಬಿಸಿ ಮಂಗಟ್ಟೆ ಹಕ್ಕಿ ತೋರಿಸುವುದು ನನ್ನ ಕೆಲಸ. ಹಕ್ಕಿ ಬರದ ದಿನ ಏನೋ ನೆವ ಹೇಳಿ, ಮತ್ತಿಮರದ ಹಿಂದೆ ನಿಂತು ಅದರ ದನಿ ತೆಗೆಯುವುದೂ ನನ್ನದೇ ಕೆಲಸ. ಗೆಸ್ಟುಗಳು "ಕೇಳಿತು, ಕೇಳಿತು" ಎಂದು ಸಂಭ್ರಮಪಡುತ್ತಾರೆ. ಒಮ್ಮೆ ನನ್ನ ಕೂಗಿಗೆ ಹೊಳೆಯ ಆಚೆ ದಂಡೆಯಿಂದ ಮಂಗಟ್ಟೆಯೊಂದು ಉತ್ತರ ಕೊಟ್ಟಿತು. ಅವತ್ತಿನಿಂದ ನನಗೆ ಆ ಹಕ್ಕಿಯ ಮೇಲೂ ಅನುಮಾನ. ಅದೂ ಯಾವುದೋ ಹೋಮ್‌ಸ್ಟೇಯ ಗೈಡೇ ಇರಬೇಕು.

ಕಳೆದ ವಾರ ಪುಣೆಯಿಂದ ಬಂದಿದ್ದ ಬಾಯಿಸಾಹೇಬರೊಬ್ಬರು ದುರ್ಬೀನು ಕೆಳಗಿಳಿಸಿ, ಹಕ್ಕಿಯ ಹೆಸರು ಕೇಳುವ ಧಾಟಿಯಲ್ಲೇ ನನ್ನ ಹೆಸರು ಕೇಳಿದರು. "ತಿಪ್ಪಣ್ಣ" ಎಂದೆ. "ಅಂದರೆ?" ಎಂದರು. "ಎತ್ತರದ ಜಾಗದಲ್ಲಿ ಕೂತವನು" ಎಂದೆ. ಅವರು ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು. ಇದರಲ್ಲಿ ಸುಳ್ಳೇನಿಲ್ಲ ಬಿಡಿ. ತಿಪ್ಪೆ ನೆಲಕ್ಕಿಂತ ಎತ್ತರವೇ. ಮಳೆಗಾಲಕ್ಕೆ ಮುಂಚೆ ಬಂದರೆ ನಮ್ಮ ಹಿತ್ತಲಿನ ತಿಪ್ಪೆಯ ಮೇಲೆ ನಿಂತು ಅರ್ಧ ಹಳಿಯಾಳ ನೋಡಬಹುದು.

ಸಂಗತಿ ಇಷ್ಟೇ: ಅಣ್ಣ ಹುಟ್ಟಿದ ಮೇಲೆ, ನಾನು ಹುಟ್ಟುವ ಮುಂಚೆ, ನಮ್ಮವ್ವನಿಗೆ ಆದ ಕೂಸುಗಳು ಉಳಿಯಲಿಲ್ಲ. ಹಾಗಾಗಿ ನಾನು ಬಂದಾಗ ಸೋದರತ್ತೆ ನನ್ನ ಕಿವಿಯಲ್ಲಿ "ತಿಪ್ಪಣ್ಣ" ಎಂದಳು. ಯಮ ಬಂದು ಹೆಸರು ಕೇಳಿದರೆ, ಇದು ಕಸ ಹಾಕುವ ಜಾಗ ಎಂದುಕೊಂಡು ಮೂಗು ಮುಚ್ಚಿ ಮುಂದೆ ಹೋಗಲಿ ಅಂತ. ನಮ್ಮ ಕಡೆ ಇಂಥ ಹೆಸರಿನವರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ಕಲ್ಲಪ್ಪ, ಅಡಿವೆಪ್ಪ, ಹೆಣ್ಣು ಹೆಚ್ಚಾದ ಮನೆಯಲ್ಲಿ ಸಾಕವ್ವ. ನಾವು ಯಮನ ಮೇಲೂ ಅನುಮಾನ ಇಟ್ಟುಕೊಂಡು ಬದುಕುವ ಮಂದಿ. ಇನ್ನು ಮನೆಯವರ ಮೇಲೆ ಇಟ್ಟುಕೊಳ್ಳುವುದು ಯಾವ ದೊಡ್ಡ ಮಾತು?

ಪುಣೆಯ ಬಾಯಿ ಅರ್ಥ ಬರೆದುಕೊಳ್ಳುವುದನ್ನು ನೋಡುತ್ತ ನಿಂತವನಿಗೆ ಅಕ್ಕ ನೆನಪಾದಳು. ಅಕ್ಕ, ಅವಳ ಹೆಸರುಗಳು, ಅವಳ ಬೆನ್ನು.

ಬೆನ್ನು ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ತಾಯಿಯದಲ್ಲ, ತಂದೆಯದೂ ಅಲ್ಲ. ತಂದೆಯ ಅಕ್ಕನದೋ ತಂಗಿಯದೋ, ಅಂದರೆ ಸೋದರತ್ತೆಯದು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳು ಬಗ್ಗಿ, ಕಿವಿಗೆ ಬಾಯಿಟ್ಟು "ಕುರ್ರ್..." ಎಂದು ಹೆಸರು ಹೇಳುತ್ತಾಳೆ. ಅದೇ ಗಳಿಗೆಯಲ್ಲಿ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಶಾಸ್ತ್ರ. ಹೆಸರು ಸೇರಿದರೆ ಶಾಸ್ತ್ರಕ್ಕೆ ಗುದ್ದುತ್ತಾರೆ, ಸೇರದಿದ್ದರೆ ಮನಸಾರೆ ಗುದ್ದುತ್ತಾರೆ. ಅಷ್ಟಾದರೂ ಕಿವಿಯೊಳಗೆ ಹೋದ ಹೆಸರು ಹೋಯಿತು. ಅದನ್ನು ಹೊರಗೆಳೆಯಲು ಯಾವ ಬೀಗರಿಗೂ ಆಗುವುದಿಲ್ಲ.

ನಮ್ಮಕ್ಕ ಗಿರಿಜಾ. ಅವಳ ಗಂಡ, ನಮ್ಮ ಮಾಮಾ, ಅಂಬಿಕಾನಗರದಲ್ಲಿ ಟರ್ಬೈನಿನ ಕೆಲಸ ಕಲಿತವನು. ಅದೇ ಕೆಲಸದ ಗುತ್ತಿಗೆ ಸಿಕ್ಕು ಮಲೇಷಿಯಾದ ಒಂದು ಅಣೆಕಟ್ಟಿಗೆ ಹೋದ. ಅಕ್ಕನೂ ಜೊತೆಗೆ ಹೋದಳು. ಅಲ್ಲಿಂದ ಮೊದಲ ಸಲ ಫೋನು ಮಾಡಿದಾಗ ಅವ್ವ, "ಹೆಂಗೈತಿ ಊರು?" ಎಂದು ಕೇಳಿದ್ದಕ್ಕೆ ಅಕ್ಕ, "ನಮ್ಮ ಸೂಪಾ ಡ್ಯಾಮಿನಂಗನ ಐತಿ ಬೇ. ನೀರು, ಗುಡ್ಡ, ಗ್ವಾಡಿ. ಮಂದಿ ಹೆಸರು ಅಷ್ಟ ಬ್ಯಾರೆ" ಎಂದಿದ್ದಳು. ಆ ಮಾತನ್ನು ನಾವು ಆಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಗುತ್ತಿಗೆ ಮುಗಿದು ವಾಪಸು ಬಂದ ಅಕ್ಕ, ಮಾಮಾನಿಗೆ ಮತ್ತೆ ಕ್ವಾರ್ಟರ್ಸು ಸಿಗುವ ತನಕ ನಮ್ಮ ಮನೆಯಲ್ಲೇ ಉಳಿದಳು. ಬಂದವಳು ಮೊದಲಿನ ಅಕ್ಕ ಅಲ್ಲ ಎಂದು ಎಲ್ಲರಿಗೂ ಸಂಶಯ. ಅನ್ನಕ್ಕೆ ತೆಂಗಿನ ಹಾಲು ಹಾಕಿ ಬೇಯಿಸಿದಳು. ಅವ್ವ ಒಂದು ತುತ್ತು ಬಾಯಿಗಿಟ್ಟು, "ಇಕಿ ಮಲೇಷಿಯಾಕ್ಕ ಹೋಗಿದ್ಳೋ ಕ್ಯಾಸಲ್‌ರಾಕ್ ದಾಟಿ ಗೋವಾಕ್ಕ ಹೋಗಿ ಕುಂತಿದ್ಳೋ?" ಎಂದಳು. ಅಕ್ಕ ನನ್ನನ್ನು "ಉಸು" ಎಂದು ಕರೆಯಲು ಶುರುಮಾಡಿದಳು.

"ಉಸು ಅಂದ್ರೇನು? ಬೈಗಳೇನು?" ಎಂದೆ.

"ಬೈಗಳಲ್ಲೋ ಹುಚ್ಚಪ್ಪಾ. ಅಲ್ಲಿ ಮನ್ಯಾಗ ಮಕ್ಕಳನ್ನ ಸಾಲಿನ ಪರಕಾರ ಕರೀತಾರ. ಮೊದಲನೇದು ಅಲೋಂಗ್, ಅದು ನಾನು. ನಡುವಿಂದು ಅಂಗಾಹ್, ಅದು ಬಸಣ್ಣ. ಕಡೀದು ಉಸು."

"ಅಂದ್ರ ಕಡೇಕ ಉಳದದ್ದು."

"ಹೂಂ. ತಳಕ್ಕ ಹತ್ತಿದ್ದು" ಎಂದಳು, ಥೇಟ್ ಅವ್ವನ ದನಿಯಲ್ಲಿ. ಸೋಗು ಹಾಕುವ ನಾಲಗೆ ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಬಂದದ್ದಲ್ಲ ಎಂಬ ಸುಳಿವು ನನಗೆ ಆಗಲೇ ಸಿಗಬೇಕಿತ್ತು.

ಹೆಸರುಗಳನ್ನೆಲ್ಲ ಅವಳಿಗೆ ಹೇಳಿಕೊಟ್ಟದ್ದು ಪಕ್ಕದ ಮನೆಯ ಮಲಾಯಿ ಮುದುಕಿ. ಅಕ್ಕ ಆಕೆಯನ್ನು "ನೆನೆಕ್" ಎನ್ನುತ್ತಿದ್ದಳು. ಅವರ ಮಾತಿನಲ್ಲಿ ಅಜ್ಜಿ. ನೆನೆಕ್ ಹರೆಯದಲ್ಲಿ ಊರಿನ ಸೂಲಗಿತ್ತಿಯಾಗಿದ್ದಳಂತೆ. ತಾನು ಹಿಡಿದ ಕೂಸುಗಳ ಹೆಸರನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದಳಂತೆ. ಅಕ್ಕ ಅಕ್ಕಿ ಹಸನು ಮಾಡುತ್ತ ಕೂತರೆ ಒಂದೊಂದೇ ಹೆಸರು ಬೀಳುತ್ತಿತ್ತು. ಮೆಲೂರ್ ಅಂದರೆ ಮಲ್ಲಿಗೆ. ಚೆಂಪಾಕಾ ಅಂದರೆ ಸಂಪಿಗೆ. ಇಂತಾನ್ ಅಂದರೆ ವಜ್ರ. ತುವಾಹ್ ಅಂದರೆ ಅದೃಷ್ಟ. ಬೆಳ್ಳಗಿದ್ದರೆ ಪುತೆಹ್, ಕಪ್ಪಗಿದ್ದರೆ ಈತಮ್.

"ಅಂದ್ರ ನಮ್ಮ ಕೆಂಚಪ್ಪ, ಕರಿಯಪ್ಪ ಅಲ್ಲೂ ಅದಾರ ಅನ್ನು" ಎಂದಳು ಅವ್ವ. "ಮತ್ತ ಆ ಸಂಪಿಗಿ ನಮ್ಮದ. ಇಲ್ಲಿಂದ ಒಯ್ದಾರ."

ನನಗೆ ಸಂಪಿಗೆಯ ಕಳ್ಳತನಕ್ಕಿಂತ ಅರ್ಥಗಳ ಮೇಲೇ ಸಂಶಯ. ಗೆಸ್ಟುಗಳಿಗೆ ನಾನು ದಾಂಡೇಲಿ ಎಂಬ ಹೆಸರಿಗೆ ಸೋಮವಾರ ಒಂದು ಅರ್ಥ, ಶನಿವಾರ ಒಂದು ಅರ್ಥ ಹೇಳುತ್ತೇನೆ. ಹಾಗಾಗಿ ಪರೀಕ್ಷೆ ಮಾಡಿದೆ. ಕೆಲವು ದಿನ ಬಿಟ್ಟು, ಏನೂ ಗೊತ್ತಿಲ್ಲದವನ ಹಾಗೆ, "ಅಕ್ಕಾ, ಇಂತಾನ್ ಅಂದ್ರ ಏನಂದಿದ್ದಿ?" ಎಂದೆ. "ವಜ್ರ" ಎಂದಳು. ಇನ್ನೊಮ್ಮೆ ಕೇಳಿದೆ. ಆಗಲೂ ವಜ್ರ. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಇಷ್ಟು ನೆಟ್ಟಗೆ ನೆನಪಿಡುವವಳು ಪಕ್ಕಾ ಸುಳ್ಳುಗಾತಿಯೇ ಇರಬೇಕು.

ಅವಳು ಹೇಳಿದ್ದರಲ್ಲಿ ನನಗೆ ನಂಬಬೇಕು ಅನ್ನಿಸಿದ್ದು ಒಂದೇ. ಹೆಸರಿಗೆ ತೂಕ ಇರುತ್ತದಂತೆ. ಕೂಸಿನ ತೂಕಕ್ಕಿಂತ ಹೆಸರಿನ ತೂಕ ಹೆಚ್ಚಾದರೆ ಕೂಸು ಸೊರಗುತ್ತದೆ, ಅಳುತ್ತದೆ, ಜ್ವರ ಬಿಡುವುದಿಲ್ಲ. ಹೆಸರು ಭಾರವಾಯಿತು ಎಂದು ತಿಳಿದು ಮನೆಯವರು ಹಗುರಾದ ಬೇರೆ ಹೆಸರು ಇಡುತ್ತಾರೆ. ಹೆಸರನ್ನು ಕಸದ ರಾಶಿಗೆ ಇಳಿಸಿ ನನ್ನನ್ನು ಉಳಿಸಿಕೊಂಡ ಮನೆಯಲ್ಲಿ ಕೂತು ಈ ಮಾತಿಗೆ ನಗುವುದು ಹೇಗೆ?

ಅಷ್ಟರಲ್ಲಿ ನಮ್ಮ ಮನೆತನಕ್ಕೆ ಹೆಸರಿಲ್ಲದ ಕೂಸೊಂದು ಬಂದಿತ್ತು.

ಅಣ್ಣನ ಹೆಂಡತಿ ಶೈಲಾ ವೈನಿ ಮುಂಡಗೋಡದವಳು. ಅವಳ ಮೊದಲನೆಯ ಬಸಿರು ನಿಲ್ಲಲಿಲ್ಲ. ಎರಡನೆಯದಕ್ಕೆ ಹುಬ್ಬಳ್ಳಿಯ ಡಾಕ್ಟರಮ್ಮ ಹಾಸಿಗೆ ಬಿಟ್ಟು ಏಳಬಾರದು ಎಂದು ಕಟ್ಟಪ್ಪಣೆ ಮಾಡಿದ್ದರಿಂದ ತವರಿಗೆ ಹೋಗಿ ಮಲಗಿದಳು. ಆ ತಿಂಗಳುಗಳಲ್ಲಿ ಅಣ್ಣ ಯಾವಾಗ ಫೋನು ಮಾಡಿದರೂ ಅವಳ ಫೋನಿಗೆ ಬಿಡುವಿಲ್ಲ. "ಹಾಸಿಗ್ಯಾಗ ಮಲಗಿದಾಕಿ ಅಷ್ಟ ಹೊತ್ತು ಯಾರ ಜೋಡಿ ಮಾತಾಡ್ತಾಳೋ?" ಎಂದು ನನ್ನ ಹತ್ತಿರ ಮುಖ ಹುಳಿ ಮಾಡಿಕೊಂಡು ಹೇಳುತ್ತಿದ್ದ. ಸಂಶಯದಲ್ಲಿ ಅವನೂ ನನ್ನ ಅಣ್ಣನೇ.

ಹೆಣ್ಣು ಕೂಸು ದಿನ ತುಂಬುವ ಮುಂಚೆಯೇ ಹುಟ್ಟಿತು. ಬಹಳ ದಿನ ಹುಬ್ಬಳ್ಳಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಬದುಕಿ ಮುಂಡಗೋಡಕ್ಕೆ ಬಂದ ಮೇಲೂ, ಸ್ವಲ್ಪ ಮೈ ಹಿಡಿಯಲಿ ಎಂದು ತೊಟ್ಟಿಲು ಶಾಸ್ತ್ರ ಮುಂದಕ್ಕೆ ಹೋಯಿತು. ಆ ಹೊತ್ತಿಗೆ ಅಕ್ಕ ಮಲೇಷಿಯಾದಿಂದ ಬಂದಳು, ತಲೆಯ ತುಂಬ ಹೆಸರು ತುಂಬಿಕೊಂಡು. ಎಲ್ಲರ ಎದೆಯಲ್ಲೂ ಒಂದೇ ಭಯ.

ಎಲ್ಲರಿಗಿಂತ ಹೆಚ್ಚು ಭಯ ವೈನಿಯ ತಾಯಿಗೆ. ನಮ್ಮ ಬೀಗತಿ ಮುಂಡಗೋಡದ ಪ್ಯಾಟಿಯಲ್ಲಿ ಅರಿವೆ ಅಂಗಡಿ ನಡೆಸುವ ಹೆಂಗಸು. ಹಲ್ಲು ಹೋಗಿವೆ, ಹಲ್ಲಿನ ಸೆಟ್ಟು ಮದುವೆ ಮುಂಜಿಗೆ ಮಾತ್ರ. ಟಿಬೆಟ್ ಕ್ಯಾಂಪಿನ ಗಿರಾಕಿಗಳ ಹೆಸರನ್ನೆಲ್ಲ ಸಲೀಸಾಗಿ ಕೂಗುತ್ತಾಳೆ. ಅದನ್ನು ನೆನಪಿಸಿದರೆ, "ಗಿರಾಕಿಗೆ ಯಾವ ಹೆಸರರ ಇರ್ಲಿ, ಮೊಮ್ಮಗಳಿಗೆ ಬ್ಯಾಡ" ಎನ್ನುತ್ತಾಳೆ. ಮೊಮ್ಮಗಳಿಗೆ ಅವಳು ಮನಸ್ಸಿನಲ್ಲೇ ಇಟ್ಟ ಹೆಸರು ರಾಜರಾಜೇಶ್ವರಿ.

"ಕೂಸು ಎರಡು ಹಿಡಿ ಇಲ್ಲ" ಎಂದಳು ಅಕ್ಕ ನಮ್ಮ ಮನೆಯಲ್ಲಿ. "ಅದರ ಮ್ಯಾಲ ಅಷ್ಟುದ್ದ ಹೆಸರು ಹೊರಸ್ತಾರಂತ."

ಈ ಮಾತು ಹಳಿಯಾಳದಿಂದ ಮುಂಡಗೋಡಕ್ಕೆ ಬಸ್ಸಿಗಿಂತ ಬೇಗ ಮುಟ್ಟಿತು. ಬೀಗತಿ ನನಗೆ ಫೋನು ಮಾಡಿದಳು. "ಯಪ್ಪಾ ತಿಪ್ಪಣ್ಣ, ನಿಮ್ಮಕ್ಕ ಏನ್ ಇಡಾಕತ್ತಾಳ ಅನ್ನೂದು ತಿಳಕೊಂಡು ಹೇಳಪಾ. ಆ ದೇಶದ್ದು ಅರ್ಥ ಇಲ್ಲದ್ದು ಏನರ ಇಟ್ಟಗಿಟ್ಟಾಳು. ಅರ್ಥ ಗೊತ್ತಿಲ್ಲದ ಹೆಸರು ಅಂದ್ರ ಬೀಗ ಹಾಕಿದ ಟ್ರಂಕು. ಒಳಗ ಏನೈತಿ ಅಂತ ಯಾರಿಗೆ ಗೊತ್ತು?" ಅವ್ವನೂ ಗುಟ್ಟಾಗಿ ಅದೇ ಮಾತು ಹೇಳಿದಳು. ಅಣ್ಣನೂ ಹೇಳಿದ. ಹೀಗೆ ಎರಡೂ ಕಡೆಯ ಗೂಢಚಾರನಾಗಿ ನಾನು ನೇಮಕವಾದೆ. ಸೋಗಿನವನಿಗೆ ಇದಕ್ಕಿಂತ ದೊಡ್ಡ ಪದವಿ ಬೇಕೆ?

ಅಕ್ಕನ ಮೇಲೆ ಕಣ್ಣಿಟ್ಟೆ. ಫೋನು ಬಂದರೆ ಹಿತ್ತಲಿಗೆ ಹೋಗುತ್ತಿದ್ದಳು. ನಾನು ಹಿತ್ತಲಿಗೆ ಹೋದರೆ ಒಳಗೆ ಬರುತ್ತಿದ್ದಳು. ಹೆಸರು ಕೇಳಿದರೆ ನಗುತ್ತಿದ್ದಳು. ನಗುವವರನ್ನು ನಾನು ಯಾವತ್ತೂ ನಂಬಿಲ್ಲ. ನಾನೇ ಒಂದು ರಾಜಿಸೂತ್ರವನ್ನೂ ಇಟ್ಟು ನೋಡಿದೆ: "ಅಲ್ಲಿ ಸೆರೋಜಾ ಅಂತ ಹೆಸರೈತಿ ಅಂದಿದ್ದೆಲ್ಲ, ತಾವರಿ ಅಂತ. ಅದನ್ನ ಇಟ್ಟಬಿಡು. ನಿನಗ ಮಲೇಷಿಯಾದ್ದು, ಬೀಗತಿಗೆ ನಮ್ಮ ಸರೋಜಾ."

"ಸರೋಜಾ ನಮ್ಮ ಓಣ್ಯಾಗ ಮೂವರು ಅದಾರ. ಅದನ್ನ ತರಾಕ ವಿಮಾನ ಹತ್ತಬೇಕಿತ್ತೇನು?" ಎಂದಳು.

ಕೊನೆಗೆ ನನ್ನ ವಿದ್ಯೆಯನ್ನೇ ಪ್ರಯೋಗಿಸಿದೆ. ಒಂದು ಮಧ್ಯಾಹ್ನ ಹೋಮ್‌ಸ್ಟೇಯಿಂದ ಬೇರೊಬ್ಬರ ಫೋನು ತೆಗೆದುಕೊಂಡು, ಬೀಗತಿಯ ದನಿಯಲ್ಲಿ ಅಕ್ಕನಿಗೆ ಫೋನು ಹಚ್ಚಿದೆ. "ಗಿರಿಜವ್ವಾ, ನಾನ್ರೀ, ಮುಂಡಗೋಡದಿಂದ. ಏನ್ ಹೆಸರು ಮಾಡೀರಿ ಅಂತ ಒಂಚೂರು ಕಿವಿಗೆ ಹಾಕಿದ್ರ..." ದನಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಆ ಕಡೆಯಿಂದ ಅಕ್ಕ ಹೇಳಿದಳು: "ಏ ಉಸು, ಆಕಿಗೆ ಬಾಯಾಗ ಒಂದು ಹಲ್ಲಿಲ್ಲ. ನೀ ಮೂವತ್ತೆರಡೂ ಇಟಗೊಂಡು ಮಾತಾಡಾಕತ್ತಿ. ಮೊದಲ ಹಲ್ಲು ಉದುರಿಸಿಕೊಂಡು ಬಾ, ಹೆಸರು ಹೇಳ್ತೇನಿ."

ಗೌರವ ಇಳಿಯಿತು.

ಶಾಸ್ತ್ರಕ್ಕೆ ಇನ್ನು ಕೆಲವೇ ದಿನ ಇತ್ತು. ಒಂದು ಬೆಳಿಗ್ಗೆ ಅಕ್ಕ ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದಳು. ಗೋಡೆಯ ಮಾಡದಲ್ಲಿ ಚಾರ್ಜಿಗಿಟ್ಟ ಅವಳ ಫೋನು ಬಡಿದುಕೊಂಡಿತು. ನೋಡಿದರೆ ಶೈಲಾ. ವೈನಿ ಅಕ್ಕನಿಗೆ ಯಾಕೆ ಫೋನು ಮಾಡಬೇಕು? ಹೆಸರಿಗಾಗಿ ಇಬ್ಬರ ನಡುವೆ ಜಗಳವಾಗಬೇಕಾದ ಹೊತ್ತಲ್ಲವೇ ಇದು? ಕೈ ತಡೆಯಲಿಲ್ಲ. ಎತ್ತಿಕೊಂಡು ಅಕ್ಕನ ದನಿಯಲ್ಲಿ, "ಹೇಳವಾ" ಎಂದೆ.

"ಅಕ್ಕಾರ, ಮಗ್ಗಲ್ದಾಗ ಯಾರರ ಅದಾರೇನ್ರಿ?" ವೈನಿ ಪಿಸುಗುಟ್ಟುತ್ತಿದ್ದಳು.

"ಯಾರಿಲ್ಲ."

"ಅವ್ವ ಅಂಗಡಿಗೆ ಹೋಗ್ಯಾಳ, ಅದಕ ಹಚ್ಚಿದೆ. ಎಲ್ಲಾರೂ ನಿಮ್ಮ ಮ್ಯಾಲ ಬಿದ್ದಾರಂತಲ್ರಿ. ನೀವು ಅಂಜಿ ಹೆಸರು ಬದಲಿ ಮಾಡಿಗೀಡೀರಿ ಮತ್ತ. ಎಂಬುನ್ ಅಂತನ ಹೇಳ್ರಿ. ನನ್ನ ಬಾಯಾಗ ಆಗಲೇ ಕುಂತುಬಿಟ್ಟೈತಿ. ಯಾರೂ ಇಲ್ಲದಾಗ ಹಂಗನ ಕರೀತೇನಿ."

ನಾನು ಹೂಂಗುಟ್ಟಿದೆ. ಇಷ್ಟು ದಿನ ಹುಡುಕಿದ ಹೆಸರು ಕೈಗೆ ಸಿಕ್ಕಿತ್ತು. ಹಿಡಿದುಕೊಳ್ಳಲು ಕೈ ಮಾತ್ರ ಬರುತ್ತಿರಲಿಲ್ಲ.

"ಇನ್ನೂ ಬಾಳ ಹಗೂರ ಐತ್ರಿ ಅಕ್ಕಾರ" ಎಂದಳು ವೈನಿ. ದನಿ ಬೇರೆಯಾಗಿತ್ತು. "ಮಲಗಿದಾಗ ಉಸಿರಾಡೂದ ಕಾಣಂಗಿಲ್ಲ. ಮೂಗಿನ ಮುಂದ ಬೆರಳು ಹಿಡದು ಹಿಡದು ನೋಡ್ತೇನಿ. ಇವರಿಗೂ ಹೇಳಿಲ್ಲ, ಅವ್ವಗೂ ಹೇಳಿಲ್ಲ. ನೀವು ಆವತ್ತ ಒಂದು ಮಾತು ಹೇಳಿದ್ರೆಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ."

ಯಾವ ಮಾತು? ನನ್ನ ಗಂಟಲಲ್ಲಿ ಅಕ್ಕನ ದನಿ ಇತ್ತು, ಅಕ್ಕನ ಮಾತು ಇರಲಿಲ್ಲ. ಯಾರ ದನಿ ಬೇಕಾದರೂ ತೆಗೆಯುತ್ತೇನೆ ಎಂದು ಮೆರೆಯುವವನು, ಆ ದನಿಯಲ್ಲಿ ಏನು ಹೇಳಬೇಕೆಂದು ತಿಳಿಯದೆ ಮಾಡದ ಮುಂದೆ ಬಾಯಿ ತೆರೆದು ನಿಂತೆ. "ಅಂಜಬ್ಯಾಡವಾ" ಎಂದೆ ಕೊನೆಗೆ. ಅದು ಅಕ್ಕನ ದನಿಯಲ್ಲಿ ಬಂತೋ ನನ್ನ ದನಿಯಲ್ಲಿ ಬಂತೋ ಈಗಲೂ ಗೊತ್ತಿಲ್ಲ.

ಹಿಂದಿನಿಂದ ಒದ್ದೆ ಕೈಯೊಂದು ಬಂದು ಫೋನು ತೆಗೆದುಕೊಂಡಿತು. ಅಕ್ಕ ನನ್ನನ್ನು ನೋಡಲೂ ಇಲ್ಲ. ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಂಡಳು. "ಭಾರದ ಹೆಸರು ಇಟ್ಟರ ಕೂಸು ಕುಂದರತೈತಿ ಶೈಲಾ. ಹಗೂರದ್ದು ಇಟ್ಟರ ಅದನ್ನ ಹೊತಗೊಂಡು ಓಡತೈತಿ. ನೆನೆಕ್ ಹೇಳ್ಯಾಳ. ಅಷ್ಟು ಕೂಸು ಹಿಡದಾಕಿ ಸುಳ್ಳ ಹೇಳ್ತಾಳೇನು?"

ಫೋನು ಇಟ್ಟ ಮೇಲೆ ಕೇಳಿದಳು: "ಎಷ್ಟ ಕೇಳಿದಿ?"

"ಎಲ್ಲಾ."

ಬೈಯುತ್ತಾಳೆಂದು ಕಾದೆ. ಅವಳು ತಲೆ ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ಕೂತಳು. ವೈನಿ ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಮಲೇಷಿಯಾದಿಂದ ದಿನಾ ಫೋನು ಮಾಡುತ್ತಿದ್ದವಳು ಅಕ್ಕನೇ. ಏಳಬಾರದು, ಅಳಬಾರದು, ಮೊದಲಿನದನ್ನು ನೆನೆಯಬಾರದು. ಹಾಗೆ ಮಲಗಿದವಳಿಗೆ ಏನು ಹೇಳುವುದು? ಅಕ್ಕ ದಿನಕ್ಕೊಂದು ಹೆಸರು ಹೇಳುತ್ತಿದ್ದಳು. ಇವತ್ತು ಮೆಲೂರ್, ಮಲ್ಲಿಗೆ. ನಾಳೆ ಯಾವುದಿರಬಹುದು, ನೀ ಮಲಗಿ ವಿಚಾರ ಮಾಡು. ವೈನಿ ನಾಳೆಯ ಹೆಸರಿಗಾಗಿ ಇವತ್ತನ್ನು ಕಳೆಯುತ್ತಿದ್ದಳು. ಅಣ್ಣನ ಸಂಶಯದ ಫೋನು ಇದೇ.

"ಎಂಬುನ್ ಅಂದ್ರ ಇಬ್ಬನಿ" ಎಂದಳು ಅಕ್ಕ. "ಅದು ನನ್ನ ಹೆಸರಲ್ಲೋ, ಅಕೀದು. ಅಕಿ ಆರಿಸ್ಯಾಳ. ತಾಯಿಗೆ ಇಡೋ ಹಕ್ಕ ಎಲ್ಲೈತಿ ನಮ್ಮಾಗ? ಅದಕ ನಾ. ನಂದು ಬರೇ ಬಾಯಿ, ಮತ್ತ ಬೆನ್ನು."

"ಹಂಗಾರ ಕನ್ನಡದಾಗನ ಇಬ್ಬನಿ ಅಂತ ಇಡ್ರೆಲ್ಲ?"

ಅಕ್ಕ ತಟ್ಟನೆ ತುಟಿ ಒಳಗೆ ಎಳೆದುಕೊಂಡಳು. ಕೆನ್ನೆ ಕುಳಿಬಿತ್ತು. ಬೀಗತಿಯೇ ಬಂದು ಹೊಸ್ತಿಲ ಮೇಲೆ ಕೂತ ಹಾಗೆ ದನಿ ಹೊರಟಿತು: "ಇಬ್ಬನಿ? ಬಿಸಿಲು ಬಿದ್ದ ಕೂಡಲೇ ಆರಿ ಹೋಗೂದನ್ನ ಕೂಸಿಗೆ ಇಡ್ತಾರೇನ್ರಿ ಯವ್ವಾ?"

ಹಲ್ಲಿಲ್ಲದ ಬೀಗತಿ! ನನಗಿಂತ ಎಷ್ಟೋ ಪಾಲು ಚೆನ್ನಾಗಿ. ನಾನು ನಕ್ಕೆ, ಹೊಟ್ಟೆಕಿಚ್ಚೂ ಪಟ್ಟೆ.

"ಅರ್ಥ ಗೊತ್ತಾದ್ರ ಒಬ್ಬೊಬ್ಬರು ಒಂದೊಂದು ಕೊಂಕು ತಗೀತಾರ" ಎಂದಳು ಅಕ್ಕ ತನ್ನ ದನಿಗೆ ಮರಳಿ. "ಆ ಮಾತು ಬಾಣಂತಿ ಕಿವ್ಯಾಗ ಬಿದ್ದರ ಅಕಿ ನಿದ್ದಿ ಮಾಡಂಗಿಲ್ಲ. ಅರ್ಥ ಗೊತ್ತಿಲ್ಲಂದ್ರ ಬರೇ ಸಂಶೆ ಪಡ್ತಾರ. ಸಂಶೆ ಪಡ್ಲಿ ಬಿಡು. ಅದು ಕೂಸಿಗೆ ತಾಗಂಗಿಲ್ಲ, ನನಗ ತಾಗತೈತಿ."

ಒಂದು ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಕೇಳಬಾರದು ಅನ್ನಿಸಿದರೂ ಕೇಳಿದೆ. "ಆದರೂ ಅಕ್ಕಾ... ಇಬ್ಬನಿ ಖರೇನ ಆರತೈತೆಲ್ಲ?"

ಅಕ್ಕ ಫೋನಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದಳು. ಏಣಿಯ ಮೇಲೆ ನಿಂತು ಮರದಿಂದ ಕೆಂಪು ಹಣ್ಣು ಕೀಳುತ್ತಿರುವ ಒಣಕಲು ಮುದುಕಿ, ನೆನೆಕ್. ಫೋಟೋದ ಜೊತೆ ಅಕ್ಕ ಇನ್ನೊಂದು ಮಾತನ್ನೂ ಹೇಳಿದಳು. ಅದನ್ನು ಈಗಲೇ ಹೇಳುವುದಿಲ್ಲ. ಮುಂಡಗೋಡದಲ್ಲಿ ಬೇಕಾಗುತ್ತದೆ.

ಅಂದಿನಿಂದ ನನ್ನ ಗೂಢಚಾರಿಕೆ ತಿರುವುಮುರುವಾಯಿತು. ಬೀಗತಿ ಫೋನು ಮಾಡಿ, "ತಿಳೀತೇನಪಾ?" ಎಂದರೆ, "ಬಾಯಿ ಬಿಡವಲ್ಲಳ್ರಿ" ಎನ್ನುತ್ತಿದ್ದೆ. ಅವ್ವ ನನ್ನ ಮುಖ ನೋಡಿ, "ನಿನಗ ಆ ತೆಂಗಿನಹಾಲಿನ ಅನ್ನ ಯಾಕೋ ಸೇರಾಕತ್ತೈತೆಲ್ಲ" ಎಂದಳು. ನನ್ನನ್ನು ಕೊಂಡುಕೊಂಡಿದ್ದಾರೆ ಎಂಬ ಗುಮಾನಿ ಅವಳಿಗೆ ಬಂದೇಬಿಟ್ಟಿತ್ತು.

ಶಾಸ್ತ್ರದ ದಿನ ಮುಂಡಗೋಡದ ಮನೆಯ ಪಡಸಾಲೆಯಲ್ಲಿ ತೊಟ್ಟಿಲು ತೂಗುಬಿಟ್ಟಿದ್ದರು. ಗುಗ್ಗರಿ ಬೆಂದ ವಾಸನೆ. ಬೀಗತಿ ಹಲ್ಲಿನ ಸೆಟ್ಟು ಹಾಕಿಕೊಂಡು ಜರಿ ಸೀರೆ ಉಟ್ಟು ಓಡಾಡುತ್ತಿದ್ದಳು. ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಕುಲಾಯಿ ಹಾಕಿ ತೊಟ್ಟಿಲಲ್ಲಿ ಮಲಗಿಸಿದರು. ಅದೂ ಶಾಸ್ತ್ರ. ರಾಜರಾಜೇಶ್ವರಿ ಎಂಬ ಹೆಸರು ಹೊರಬಲ್ಲವರು ಆ ಮನೆಯಲ್ಲಿ ಯಾರಾದರೂ ಇದ್ದರೆ ಅದು ಆ ಗುಂಡು ಎಂದುಕೊಂಡೆ. ಗುಂಡನ್ನು ಎತ್ತಿ, ಅದೇ ಜಾಗದಲ್ಲಿ ಕೂಸನ್ನು ಮಲಗಿಸಿದಾಗ ತೊಟ್ಟಿಲಿಗೆ ಏನೂ ಗೊತ್ತಾಗಲಿಲ್ಲ. ಹಗ್ಗ ಬಿಗಿಯಲಿಲ್ಲ, ಹಲಗೆ ಕಿರ್ರೆನ್ನಲಿಲ್ಲ. ವೈನಿ ತೊಟ್ಟಿಲ ಕೋಲು ಹಿಡಿದು ನಿಂತಿದ್ದಳು.

ಅಕ್ಕ ಬಗ್ಗಿದಳು. "ಕುರ್ರ್... ಎಂಬುನ್."

ಮರುಗಳಿಗೆಯೇ ಗುದ್ದು ಶುರು. ಹೋಳಿಯ ಹಲಗೆ ಬಡಿದ ಹಾಗೆ ಸದ್ದು. ಮುಂಡಗೋಡದ ಹೆಂಗಸರು ತಮ್ಮ ಪಾಲಿನ ಸಂಶಯವನ್ನೆಲ್ಲ ಆ ಬೆನ್ನಿನ ಮೇಲೆ ಇಳಿಸಿದರು. ಅಕ್ಕ ಬಗ್ಗಿಯೇ ಇದ್ದಳು. ಗುದ್ದುವವರ ಗುಂಪಿನಲ್ಲಿ ಬಳೆ ತುಂಬಿದ ಕೈಯೊಂದು ಅಕ್ಕನ ಬೆನ್ನನ್ನು ಸವರುತ್ತಿತ್ತು. ಅದು ವೈನಿಯದು.

"ಏನಂದಳು? ಯಾವ ದೇವರ ಹೆಸರದು?" ಬೀಗತಿಯ ದನಿ ನಡುಗುತ್ತಿತ್ತು. ಸಿಟ್ಟು ಎಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಕಣ್ಣು ತುಂಬಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಾಜಿನ ಆಚೆ ನಿಂತು ದಿನಗಟ್ಟಲೆ ಆ ಕೂಸನ್ನು ನೋಡಿದವಳು ಅವಳೂ ಹೌದಲ್ಲ. ಉದ್ದ ಹೆಸರು ಹಗ್ಗದ ಹಾಗೆ, ಕೂಸನ್ನು ಗಟ್ಟಿಯಾಗಿ ಕಟ್ಟಿ ನಿಲ್ಲಿಸುತ್ತದೆಂದು ನಂಬಿದ್ದಳೋ ಏನೋ. "ಅರ್ಥ ಹೇಳ್ರಿ ಮತ್ತ. ಏನೈತಿ ಅದರಾಗ?"

ಅಕ್ಕ ಬಗ್ಗಿದವಳು ಹಾಗೆಯೇ ತೊಟ್ಟಿಲು ತೂಗತೊಡಗಿದಳು. ವೈನಿ ನನ್ನನ್ನು ನೋಡಿದಳು. ಬೀಗತಿಯೂ ನನ್ನ ಕಡೆ ತಿರುಗಿದಳು. "ನೀನರ ಹೇಳಪಾ ತಿಪ್ಪಣ್ಣ. ದಿನಾ ಹೊರಗಿನ ಮಂದೀಗೆ ಎಲ್ಲಾದರ ಅರ್ಥ ಹೇಳ್ತೀಯಂತ."

ನನ್ನ ಜೇಬಿನಲ್ಲಿ ಒಳ್ಳೊಳ್ಳೆಯ ಅರ್ಥಗಳು ಸಿದ್ಧವಾಗಿದ್ದವು. ರಾಜಕುಮಾರಿ. ನವರತ್ನ. ಮಲೇಷಿಯಾದ ಪಾರ್ವತಿ. ಯಾವುದನ್ನು ಎಸೆದರೂ ನಂಬುತ್ತಿದ್ದರು, ಪುಣೆಯವರು ನಂಬುತ್ತಾರಲ್ಲ, ಹಾಗೆ. ಆದರೆ ಆ ಮುದುಕಿಯ ಕಣ್ಣೊಳಗೆ ಸುಳ್ಳು ಹಾಕಲು ಆಗಲಿಲ್ಲ. ನಿಜದ ಅರ್ಧವನ್ನು ಹೇಳುವಂತಿಲ್ಲ. ಉಳಿದರ್ಧ ಹೇಳಬಹುದಿತ್ತು. ಅಕ್ಕನ ಫೋನು ತೆಗೆದುಕೊಂಡು ಆ ಫೋಟೋ ತೋರಿಸಿದೆ.

"ಇದಾ ನೋಡ್ರಿ ಅರ್ಥ."

ಬೀಗತಿ ಚಾಳೀಸು ಹಾಕಿಕೊಂಡಳು. "ಯಾರು ಇಕಿ?"

"ಅಕ್ಕನ ಮಗ್ಗಲ ಮನಿ ಅಜ್ಜಿ. ಇವರ ಹೆಸರ ಎಂಬುನ್. ಎಂಬತ್ತು ದಾಟ್ಯಾವ್ರಿ."

"ಬಾಯಾಗ ಹಲ್ಲಿಲ್ಲಲ್ಲ ಪಾಪ" ಎಂದಳು ಬೀಗತಿ, ತನ್ನ ಸೆಟ್ಟನ್ನು ನಾಲಗೆಯಿಂದ ಸರಿಮಾಡಿಕೊಳ್ಳುತ್ತ. ಬಹಳ ಹೊತ್ತು ನೋಡಿದಳು. "ಈ ವಯಸ್ಸಿನ್ಯಾಗ ಏಣಿ ಮ್ಯಾಲ ಏನ್ ಮಾಡಾಕತ್ತಾಳ?"

"ಹಣ್ಣು ಹರ್ಯಾಕತ್ತಾರ್ರಿ. ಯಾರು ಬ್ಯಾಡಂದ್ರೂ ಕೇಳಂಗಿಲ್ಲಂತ."

"ಈಗೂ ಏರ್ತಾಳ?"

"ಮೊನ್ನೆನೂ ಏರ್ಯಾಳ" ಎಂದಳು ಅಕ್ಕ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ.

ಬೀಗತಿ ಫೋನನ್ನು ನನ್ನ ಕೈಗಿಟ್ಟು, ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು. ತೊಟ್ಟಿಲ ಹತ್ತಿರ ಹೋದಳು. ಎಲ್ಲರೂ ನೋಡುತ್ತಿದ್ದರು. ಬಗ್ಗಿ, ಕೂಸಿನ ಗದ್ದ ಮುಟ್ಟಿ, ತನಗೆ ಒಪ್ಪುವ ಹಾಗೆ ಹೆಸರನ್ನು ತಿದ್ದಿಕೊಂಡು ಕರೆದಳು: "ಎಂಬುನವ್ವಾ."

ಊಟದ ಹೊತ್ತಿಗೆ ವೈನಿ ನನ್ನ ಎಲೆಗೆ ಗುಗ್ಗರಿ ಬಡಿಸುತ್ತ, "ಆವತ್ತ ಫೋನಿನ್ಯಾಗ ಅಕ್ಕಾರಿಗೆ ನೆಗಡಿ ಆಗಿತ್ತೇನ್ರಿ? ದನಿ ಸ್ವಲ್ಪ ದಪ್ಪ ಬಂದಂಗಿತ್ತು" ಎಂದಳು. ಮುಖದಲ್ಲಿ ನಗು ಇರಲಿಲ್ಲ. ಗೊತ್ತಿದ್ದೇ ಹೇಳಿದಳೋ, ಗೊತ್ತಿಲ್ಲದೆ ಹೇಳಿದಳೋ? ನಾನು ಇವತ್ತಿಗೂ ಅವಳ ಮುಂದೆ ಯಾರ ದನಿಯನ್ನೂ ತೆಗೆಯುವುದಿಲ್ಲ.

ಅಣ್ಣ ತನ್ನ ಗಾಡಿಯ ಹಿಂದೆ ಈಗ "ಎಂಬುನ್" ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದಾನೆ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಮಂದಿ ಅದನ್ನು ಓದಿ ಅವನನ್ನೇ ಸಂಶಯದಿಂದ ನೋಡುತ್ತಾರೆ. ಅರ್ಥ ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತೇನೆ. ಧಂದೆ ಬಿಡಲಾಗುತ್ತದೆಯೇ?

ಮೊನ್ನೆ ಬೀಗತಿ ನಮ್ಮ ಮನೆಗೆ ಬಂದಿದ್ದಳು. ಮಧ್ಯಾಹ್ನ ಎಲ್ಲರೂ ಮಾತಿನಲ್ಲಿ ಮೈಮರೆತಿದ್ದಾಗ, ಈಗ ಓಡಾಡುವಷ್ಟು ಬೆಳೆದ ಎಂಬುನವ್ವ ಅಟ್ಟದ ಏಣಿ ಹಿಡಿದುಬಿಟ್ಟಿದ್ದಳು. ನೋಡಿದರೆ ಕಾಲು ಆಗಲೇ ಮೇಲಿನ ಮೆಟ್ಟಿಲಿಗೆ. ವೈನಿ ಚೀರಿದಳು. ಅವ್ವ ಮೊರ ಬಿಸಾಕಿ ಎದ್ದಳು. ಅಣ್ಣ ಹೊಸ್ತಿಲು ಎಡವಿದ. ನಾನು ಓಡಿಹೋಗಿ ಏಣಿಯ ಬುಡದಲ್ಲಿ ಕೈ ಚಾಚಿ ನಿಂತೆ.

ಬೀಗತಿಯೊಬ್ಬಳೇ ಕೂತಲ್ಲಿಂದ ಅಲುಗಲಿಲ್ಲ. ಹಲ್ಲಿನ ಸೆಟ್ಟು ಇರಲಿಲ್ಲ, ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಕೆಳಗ ನಿಂತು ಹಿಡೀರಿ, ಇಳಸಬ್ಯಾಡ್ರಿ. ಅಕಿ ಹೆಸರಿನ ಅರ್ಥನ ಅದು."